ಗಾಳಿಗೆ ಹಾಕಿದ ಬಟ್ಟೆಗಳು

ಬಚ್ಚಲಿನ ಗೂಡಿನಲ್ಲಿರುವ ಸೋಪಿಗೆ ವಾಸನೆಯಿದೆ ಎಂಬುದು ಸಿಗರೇಟು ಬಿಟ್ಟ ನಲವತ್ತೆರಡನೆಯ ದಿನ ಬೆಳಿಗ್ಗೆ ಅವನಿಗೆ ಗೊತ್ತಾಯಿತು. ಎಷ್ಟೋ ವರ್ಷಗಳಿಂದ ಅದೇ ಸೋಪು. ಹೆಂಡತಿ ತರುತ್ತಿದ್ದದ್ದು. ಅವಳು ತೀರಿಹೋದ ಮೇಲೆ, ಅಂಗಡಿಯವನ ಮುಂದೆ ನಿಂತಾಗ ಬೇರೆ ಯಾವ ಸೋಪಿನ ಹೆಸರೂ ಬಾಯಿಗೆ ಬಾರದೆ, ಅವನೂ ಅದನ್ನೇ ತರುತ್ತಿದ್ದ. ಒದ್ದೆ ಕೈಯನ್ನು ಮೂಗಿಗೆ ಹಿಡಿದು, ಭಾರವನ್ನೆಲ್ಲ ಗೋಡೆಗೆ ಆನಿಸಿ, ಬಹಳ ಹೊತ್ತು ನಿಂತ. ಎಂಥದೋ ಹೂವಿನ ವಾಸನೆ. ಹೂವನ್ನು ಕಂಡೇ ಇರದ ಯಾರೋ ಕಾರ್ಖಾನೆಯಲ್ಲಿ ಕೂತು ಊಹಿಸಿ ಮಾಡಿದಂಥದು. ಆದರೂ ಅವನ ಎದೆ ಹೊಡೆದುಕೊಂಡಿತು. ಹದಿನೈದು ದಿನಗಳಿಂದ ಕಳ್ಳ ಬೆಕ್ಕಿನ ಹಾಗೆ ಇಣುಕಿ ಇಣುಕಿ ಹೋಗುತ್ತಿದ್ದ ಮೂಗು ಇವತ್ತು ಪೂರ್ತಿ ಬಂದು ಮನೆಯೊಳಗೆ ಕೂತಿತ್ತು. ಟವೆಲಿಗೆ ಒಂದು ವಾಸನೆ, ಬಾಗಿಲ ಮರಕ್ಕೆ ಒಂದು ವಾಸನೆ, ಕುದಿಯುವ ನೀರಿಗೆ ಕೂಡ ಪಾತ್ರೆಯದೇ ಒಂದು ಕಬ್ಬಿಣದ ವಾಸನೆ. ಲೋಕವನ್ನು ಯಾರೋ ರಾತ್ರಿ ಬಿಚ್ಚಿಟ್ಟು ಹೋದಂತಿತ್ತು. ದೇವರೇ, ಎಂದ ಅವನು. ಪ್ರಾರ್ಥನೆಗಲ್ಲ, ಸುಮ್ಮನೆ ಬಾಯಿಗೆ ಬಂತು. ಆಮೇಲೆ ಅದು ಪ್ರಾರ್ಥನೆಯೇ ಆಗಿರಬಹುದು ಎನ್ನಿಸಿ ಟವೆಲನ್ನು ಹೆಗಲಿಗೆ ಹಾಕಿಕೊಂಡು ತಲೆ ತಗ್ಗಿಸಿದ.

ಗುರುವಾರ ಆಪರೇಷನ್. ಹೊಟ್ಟೆಯ ಚೀಲದಲ್ಲಿ ಮುಕ್ಕಾಲು ಪಾಲು ಕತ್ತರಿಸಿ ತೆಗೆದು, ಉಳಿದದ್ದನ್ನು ಬಾಳೆಕಾಯಿಯಷ್ಟು ಮಾಡಿ ಹೊಲಿಯುತ್ತಾರಂತೆ. ಮೊದಲ ದಿನ ಡಾಕ್ಟರು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದಾಗ ಅವನಿಗೆ ಅದು ಹೊಸತೆನ್ನಿಸಲಿಲ್ಲ. ದೊಡ್ಡ ಕೋಟನ್ನು ಬಿಚ್ಚಿ ಚಿಕ್ಕದು ಮಾಡುವುದನ್ನು ಅವನು ನೋಡಿದ್ದ. 'ಸಿಗರೇಟು ಸೇದೋರ ಹೊಲಿಗೆ ಸರಿಯಾಗಿ ಕೂಡೋದಿಲ್ಲ, ಒಳಗೆ ಸೋರಿದ್ರೆ ಜೀವಕ್ಕೇ ಬರುತ್ತೆ. ಆರು ವಾರ ಒಂದೂ ಮುಟ್ಟಕೂಡದು. ಒಂದೂ ಅಂದ್ರೆ ಒಂದೂ. ಮುಟ್ಟಿದ್ರೆ ಡೇಟು ಕೊಡೋದಿಲ್ಲ' ಎಂದಿದ್ದರು ಡಾಕ್ಟರು. ಅವನು ತಲೆಯಾಡಿಸಿದ್ದ. ಮಂಡಿ ಎರಡೂ ಹೋಗಿವೆ, ಸಕ್ಕರೆ ಏರಿದೆ, ಮಲಗಿದರೆ ಉಸಿರು ನಿಂತು ನಿಂತು ಬರುತ್ತದೆ. ಇನ್ನು ಮೂರು ವರ್ಷ ಹೀಗೇ ಎಳೆದರೆ ಹೆಚ್ಚು ಎಂದೂ ಅವರೇ ಹೇಳಿದ್ದರು. ಕೆಲಸ ಮಾಡುವ ಮೇಜಿಗೂ ಗೋಡೆಗೂ ನಡುವೆ ಅವನು ಹಿಡಿಸದೆ ಹೋದಾಗ ಡ್ರೈಕ್ಲೀನಿಂಗ್ ಅಂಗಡಿಯ ಮಾಲೀಕರು ಒಂದು ಭಾನುವಾರ ಯಾರಿಗೂ ಹೇಳದೆ ಮೇಜನ್ನು ಒಂದು ಗೇಣು ಮುಂದಕ್ಕೆ ಎಳೆಸಿದ್ದರು. ಸೋಮವಾರ ಬಂದು ನೋಡಿದರೆ ನೆಲದ ಮೇಲೆ ಮೇಜಿನ ಕಾಲಿದ್ದ ಜಾಗ ನಾಲ್ಕು ಬಿಳೀ ಚೌಕಗಳಾಗಿ ಉಳಿದಿತ್ತು. ಅದನ್ನು ತುಳಿದು ಒಳಗೆ ಹೋಗುವಾಗೆಲ್ಲ ಅವನು ಬೇರೆಲ್ಲೋ ನೋಡುತ್ತಿದ್ದ.

ಆದರೆ ಅವನು ಸಿಗರೇಟು ಬಿಟ್ಟದ್ದು ಹೊಟ್ಟೆಗಾಗಿ ಅಲ್ಲ. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ಮಲಗುವ ಕೋಣೆಯ ಬೀರುವಿನಲ್ಲಿ ಹೆಂಡತಿಯ ಉಣ್ಣೆಯ ಕೋಟು ಇತ್ತು. ಬೂದು ಬಣ್ಣದ್ದು, ಕಾಲರಿನ ಹತ್ತಿರ ನವೆದದ್ದು. ಉಳಿದ ಬಟ್ಟೆಗಳನ್ನು ನಾದಿನಿ ಬಂದು ಕಟ್ಟಿ ಯಾರು ಯಾರಿಗೋ ಕೊಟ್ಟಿದ್ದಳು. ಇದೊಂದನ್ನು ಮಾತ್ರ ಅವನು ಕೊಡಲಿಲ್ಲ. 'ಅಕ್ಕನದು ಒಂದಾದ್ರೂ ನನಗೆ ಬೇಡವಾ ಭಾವ?' ಎಂದು ಅವಳು ಕೇಳಿದಾಗ, 'ಅದರಲ್ಲಿ ಅವಳ ವಾಸನೆ ಇದೆ ಕಣಮ್ಮ' ಎಂದಿದ್ದ. ನಾದಿನಿ ಅವನ ಮುಖವನ್ನೇ ಒಂದು ಗಳಿಗೆ ನೋಡಿ, ಏನೋ ಹೇಳಹೊರಟು, ಗಂಟಿನ ಹಗ್ಗ ಬಿಗಿಯತೊಡಗಿದ್ದಳು. ಎರಡು ವರ್ಷ, ಪ್ರತಿ ಭಾನುವಾರ, ಅವನು ಬೀರು ತೆಗೆದು ಆ ಕೋಟಿನೊಳಗೆ ಮುಖ ಇಡುತ್ತಿದ್ದ. ಏನೂ ಬರುತ್ತಿರಲಿಲ್ಲ. ಉಣ್ಣೆ ಕೆನ್ನೆಗೆ ಚುಚ್ಚುತ್ತಿತ್ತು, ಅಷ್ಟೆ. ತಪ್ಪು ಕೋಟಿನದಲ್ಲ, ಮೂವತ್ತು ವರ್ಷ ಹೊಗೆ ಎಳೆದು ಸತ್ತುಹೋದ ತನ್ನ ಮೂಗಿನದು ಎಂದುಕೊಂಡು ಬಾಗಿಲು ಮುಚ್ಚುತ್ತಿದ್ದ. ಅವಳು ಅಲ್ಲೇ ಇದ್ದಾಳೆ. ಬಾಗಿಲು ತಟ್ಟುವ ಕೈ ತನ್ನದು ಮರಗಟ್ಟಿದೆ. ಬಿಟ್ಟರೆ ಒಂದೆರಡು ತಿಂಗಳಲ್ಲಿ ಮೂಗು ವಾಪಸು ಬರುತ್ತೆ ಎಂದು ಆಸ್ಪತ್ರೆಯ ನರ್ಸು ಮಾತಿಗೆ ಹೇಳಿದ್ದೇ ತಡ, ಅವನು ಆ ಸಂಜೆಯೇ ಪ್ಯಾಕೆಟ್ಟನ್ನು ನಲ್ಲಿಯ ಕೆಳಗೆ ಹಿಡಿದಿದ್ದ. ಮೂಗು ಬರತೊಡಗಿದ ಮೇಲೆ ಬೀರುವಿನ ಹತ್ತಿರ ಸುಳಿದಿರಲಿಲ್ಲ. ಅರ್ಧ ಮೂಗಿನಲ್ಲಿ ಅವಳನ್ನು ನೋಡಕೂಡದು ಎಂದು ಕಾದಿದ್ದ. ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆನ್ನಿಸಿದ ಮೂರನೆಯ ದಿನ, ಅವನನ್ನು ಹಿಡಿದಿಟ್ಟದ್ದು ಅದೇ.

ಬೀರುವಿನ ಮುಂದೆ ಟವೆಲಿನಲ್ಲೇ ನಿಂತ. ಕೀಲು ಕಿರುಗುಟ್ಟಿತು. ಕೋಟನ್ನು ಹ್ಯಾಂಗರಿನಿಂದ ತೆಗೆಯಲಿಲ್ಲ. ಅದು ಹೇಗಿತ್ತೋ ಹಾಗೆಯೇ ಇರಲೆಂದು ತಾನೇ ಬಾಗಿ, ಎದೆಯ ಎರಡು ಮಗ್ಗುಲನ್ನು ಬಿಡಿಸಿ, ಒಳಗೆ ಮುಖ ಇಟ್ಟು ಉಸಿರೆಳೆದ. ಮುಖಕ್ಕೆ ಹೊಡೆದ ಹಾಗೆ ಬಂತು. ಹಳಸಿದ, ಒದ್ದೆ ಬೂದಿಯ, ಮುಚ್ಚಿದ ಡಬ್ಬದ ವಾಸನೆ. ಹಿಂದಕ್ಕೆ ಸರಿದು ಮತ್ತೆ ಬಗ್ಗಿದ. ಕಾಲರು, ತೋಳಿನ ಒಳಭಾಗ, ಕಂಕುಳು, ಜೇಬು. ಮನುಷ್ಯರ ವಾಸನೆ ಉಳಿಯುವ ಜಾಗ ಯಾವುದೆಂದು ಅವನಿಗೆ ಗೊತ್ತಿತ್ತು, ಅದು ಅವನ ಕಸುಬು. ಎಲ್ಲ ಕಡೆಯೂ ಅವನೇ ಇದ್ದ. ಹಿಂದಿನ ಮೆಟ್ಟಿಲ ಮೇಲೆ ಕೂತು ಸೇದಿ, ಬಾಯಿ ಮುಕ್ಕಳಿಸಿ, ಏನೂ ಆಗಿಲ್ಲದವನಂತೆ ಒಳಗೆ ಬರುತ್ತಿದ್ದ ಅವನು. ಅವನು ಬಂದ ಕೂಡಲೇ ಅವಳು ಎದ್ದು ಕಿಟಕಿ ತೆಗೆಯುತ್ತಿದ್ದಳು. 'ಸೆಕೆ' ಎನ್ನುತ್ತಿದ್ದಳು. ಚಳಿಗಾಲದಲ್ಲೂ ಸೆಕೆ ಎನ್ನುತ್ತಿದ್ದಳು, ಇದೇ ಕೋಟನ್ನು ಹೊದ್ದುಕೊಂಡು. ಅವಳಿಗೆ ಮೈಯಲ್ಲಿ ಕಾವು ಹೆಚ್ಚು ಎಂದು ಅವನು ನಂಬಿದ್ದ.

ಬಿಟ್ಟೆ ಎಂದು ಅವಳಿಗೆ ಅವನು ಎಷ್ಟು ಸಲ ಹೇಳಿದ್ದನೋ. ಒಂದು ಸಲವೂ ಅವಳು ಸುಳ್ಳು ಎನ್ನಲಿಲ್ಲ, 'ಒಳ್ಳೇದಾಯ್ತು' ಎನ್ನುತ್ತಿದ್ದಳು. ಕೊನೆಯ ಚಳಿಗಾಲದಲ್ಲಿ ಅವಳಿಗೆ ಕೆಮ್ಮು ಬಂತು. ಕಾಯಿಲೆ ರಕ್ತದ್ದು, ಹೊಗೆಗೂ ಅದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರು ಹೇಳಿದರು. ತನಗೆ ಅನುಕೂಲವಾಗುವಷ್ಟು ಮಟ್ಟಿಗೆ ಅದನ್ನು ಅವನು ನಂಬಿದ. ಆಸ್ಪತ್ರೆಯ ಮೂಲೆಯಲ್ಲಿದ್ದ ಪ್ರಾರ್ಥನೆಯ ಕೋಣೆಯಲ್ಲಿ ಚಪ್ಪಲಿ ಬಿಟ್ಟು ಕೂತು, ಇವಳನ್ನು ಉಳಿಸಿಕೊಡು, ನಾನು ಸಿಗರೇಟು ಬಿಡುತ್ತೇನೆ ಎಂದ. ಅಲ್ಲಿಂದೆದ್ದು ಹೊರಗೆ ಬಂದು, ಇದು ಕೊನೆಯದು ಎಂದು ಒಂದು ಸೇದಿದ. ಅವಳು ಉಳಿಯಲಿಲ್ಲ. ಎಲ್ಲ ಮುಗಿದು ನೆಂಟರು ಹೋದ ಸಂಜೆ ಹಿಂದಿನ ಮೆಟ್ಟಿಲ ಮೇಲೆ ಕೂತು ಬೆಂಕಿ ಗೀರುವಾಗ, ದೇವರು ತನ್ನ ಮಾತು ನಡೆಸಲಿಲ್ಲ, ಹಾಗಾಗಿ ನಾನೂ ಮಾತಿಗೆ ಕಟ್ಟುಬಿದ್ದಿಲ್ಲ ಎಂದು ಅವನಿಗೆ ಅನ್ನಿಸಿತ್ತು. ಅನ್ನಿಸಿದ್ದಷ್ಟೇ ಅಲ್ಲ, ಎಲ್ಲೋ ಒಂದು ಮೂಲೆಯಲ್ಲಿ ಹಗುರವಾಗಿತ್ತು. ಆ ಹಗುರವನ್ನು ನೆನೆದರೆ ಈಗಲೂ ಅವನಿಗೆ ಪ್ರಾರ್ಥನೆಗೆ ಕೈ ಮುಗಿಯಲು ಸಂಕೋಚವಾಗುತ್ತಿತ್ತು. ದೇವರು ಕ್ಷಮಿಸಿಯಾನು. ಕ್ಷಮಿಸಿದ್ದೂ ಆಗಿರಬಹುದು. ಆದರೆ ದೇವರಿಗೆ ಎಲ್ಲವೂ ನೆನಪಿರುತ್ತದಲ್ಲ.

ಕೋಟನ್ನು ಮಡಚಿ ಚೀಲಕ್ಕೆ ಹಾಕಿಕೊಂಡ. ಹೊಗೆಯ ಅಡಿಯಲ್ಲಿ ಬೇರೊಂದು ವಾಸನೆ ಇರಲೇಬೇಕು. ಎಣ್ಣೆಯ ಕಲೆಯ ಅಡಿಯಲ್ಲಿ ಬಟ್ಟೆಯ ಬಣ್ಣ ಇರುವ ಹಾಗೆ. ತನ್ನ ಮೂಗು ಇನ್ನೂ ಕೂಸು, ಅದಕ್ಕೆ ಗುರುತು ಸಿಕ್ಕಿರಲಿಕ್ಕಿಲ್ಲ. ಒಳ್ಳೆಯ ಮೂಗಿನವರಿಗೆ ತೋರಿಸಬೇಕು.

ಡ್ರೈಕ್ಲೀನಿಂಗ್ ಅಂಗಡಿ ಬಸ್ಸಿಳಿದು ನಾಲ್ಕು ಕಟ್ಟಡ ದಾಟಿದರೆ. ಆ ನಾಲ್ಕು ಕಟ್ಟಡಕ್ಕೆ ಅವನು ಎರಡು ಸಲ ನಿಲ್ಲುತ್ತಿದ್ದ, ಒಂದು ಸಲ ಕನ್ನಡಕದ ಅಂಗಡಿಯ ಮುಂದೆ, ಒಂದು ಸಲ ಅಂಚೆ ಡಬ್ಬಿಯ ಹತ್ತಿರ. ನೋಡುವವರಿಗೆ ಏನೋ ನೆನಪು ಮಾಡಿಕೊಳ್ಳುತ್ತಿರುವಂತೆ ಕಾಣಲೆಂದು ಹಣೆ ಮುಟ್ಟಿಕೊಳ್ಳುತ್ತಿದ್ದ. ಅಂಗಡಿಯಲ್ಲಿ ಅವನ ಹೆಸರು ಗೂಡ್ಸಣ್ಣ. ಗೂಡ್ಸು ರೈಲಿನ ಹಾಗೆ ನಿಧಾನ, ಹೊಗೆ ಬೇರೆ ಎಂದು ಇಸ್ತ್ರಿಯವನು ಯಾವ ಕಾಲದಲ್ಲೋ ಇಟ್ಟದ್ದು. ಮಾಲೀಕರ ಬಾಯಲ್ಲೂ ಅದೇ ನಿಂತಿತ್ತು.

'ಏನ್ ಗೂಡ್ಸಣ್ಣ, ಇವತ್ತು ಆಸ್ಪತ್ರೇಲಿ ಊದೋ ಪರೀಕ್ಷೆ ಅಲ್ವಾ?' ಆವಿಯ ನಡುವಿನಿಂದ ಇಸ್ತ್ರಿಯವನು ಕೂಗಿದ. 'ಪಾಸಾದ್ರೆ ನಿಮ್ಮನ್ನ ಕರೆಂಟ್ ಎಂಜಿನ್ನು ಅಂತ ಕರೀಬೇಕಾಗುತ್ತೆ. ಹೊಗೆಯಿಲ್ದ ಗೂಡ್ಸು ಎಲ್ಲಾದ್ರೂ ಉಂಟಾ?'

'ಮೊದಲು ನಿನ್ನ ಪ್ಯಾಂಟು ನೋಡ್ಕೋ, ಎರಡೆರಡು ಗೆರೆ ಬಿದ್ದಿದೆ' ಎಂದ ಅವನು. ಇಸ್ತ್ರಿಯವನು ನಿಜವಾಗಿಯೂ ಬಗ್ಗಿ ನೋಡಿದ.

ಅವನ ಕೆಲಸ ಕಲೆ ತೆಗೆಯುವುದು. ಶಾಯಿ, ತುಕ್ಕು, ರಕ್ತ, ಹಣ್ಣಿನ ರಸ, ಲಿಪ್‌ಸ್ಟಿಕ್. ಯಂತ್ರಕ್ಕೆ ಹೋಗಿ ಬಂದರೂ ಕಲೆ ಬಿಡದ ಬಟ್ಟೆ ಅವನ ಮೇಜಿಗೆ ಬರಬೇಕು. ಕಲೆಯ ಅಂಚಿನಿಂದ ನಡುವಿಗೆ ಒತ್ತಬೇಕು, ನಡುವಿನಿಂದ ಹೊರಕ್ಕೆ ಒರೆಸಿದರೆ ಕಲೆ ಬೆಳೆಯುತ್ತದೆ. ಯಾವ ಔಷಧವನ್ನಾದರೂ ಮೊದಲು ಒಳ ಅಂಚಿಗೆ ಹಾಕಿ ನೋಡಬೇಕು. ಇಪ್ಪತ್ತಾರು ವರ್ಷದಿಂದ ಅವನ ಕೈಗೆ ಬಂದ ಬಟ್ಟೆ ಕಲೆಯೊಂದಿಗೆ ವಾಪಸು ಹೋದದ್ದು ಅಪರೂಪ. ಆ ಒಂದು ವಿಷಯದಲ್ಲಿ ಮಾತ್ರ ಅವನು ತಲೆಯೆತ್ತಿ ನಡೆಯುತ್ತಿದ್ದ. ಅಂಗಡಿಯಲ್ಲಿ ಒಂದು ರೂಢಿಯಿತ್ತು: ಬೇರೆ ಬಟ್ಟೆಗಳು ಇಸ್ತ್ರಿಯಾದ ಕೂಡಲೇ ಚೀಟಿ ಚುಚ್ಚಿಸಿಕೊಂಡು ಮುಂಭಾಗಕ್ಕೆ ಹೋಗುತ್ತಿದ್ದವು, ಅವನ ಕೈಯಿಂದ ಬಂದವು ಮಾತ್ರ ಹಿಂದಿನ ಕಿಟಕಿಯ ಕೋಲಿಗೆ ಹೋಗಿ ಒಂದು ದಿನ ತೂಗಾಡುತ್ತಿದ್ದವು. ಔಷಧದ ಘಾಟು ಹೋಗಲಿ ಎಂದು. ಕಷ್ಟದ ಬಟ್ಟೆಗಳು, ಒಂದು ದಿನದ ಮರ್ಯಾದೆ ಹೆಚ್ಚು. 'ನನ್ನ ಕೈಲಿ ಬಂದದ್ದಕ್ಕೆ ಬೇರೆ ಕೋಲೇ ಇದೆ ಗೊತ್ತಾ' ಎಂದು ಅವನು ಒಮ್ಮೆ ಊಟ ಮಾಡುತ್ತ ಹೆಂಡತಿಗೆ ಹೇಳಿದ್ದ. 'ಹೌದಾ' ಎಂದು ಅವಳು ಪಾತ್ರೆ ಎತ್ತಿಕೊಂಡು ಒಳಗೆ ಹೋಗಿದ್ದಳು.

ಚೀಟಿ ಬರೆದು ಚುಚ್ಚುವ ಹೆಂಗಸನ್ನು ಎಲ್ಲರೂ ಚೀಟಕ್ಕ ಎನ್ನುತ್ತಿದ್ದರು. ಅವನಿಗಿಂತ ಎರಡು ವರ್ಷ ದೊಡ್ಡವಳು. ಯಾವ ಬಟ್ಟೆಗೆ ಬೆವರು, ಯಾವುದಕ್ಕೆ ಬೂಷ್ಟು ಎಂದು ಗಂಟು ಬಿಚ್ಚುವ ಮೊದಲೇ ಹೇಳುವಷ್ಟು ಚುರುಕು ಅವಳ ಮೂಗು. ಗಿರಾಕಿಗಳಿಲ್ಲದ ಹೊತ್ತು ನೋಡಿ ಅವನು ಚೀಲವನ್ನು ಅವಳ ಮುಂದೆ ಇಟ್ಟ.

'ಸ್ವಲ್ಪ ಮೂಸಿ ನೋಡಿ ಹೇಳಿ ಚೀಟಕ್ಕ. ಹೊಗೆ ಬಿಟ್ಟು ಇದರಲ್ಲಿ ಬೇರೆ ಏನಾದ್ರೂ ಇದೆಯಾ?'

ಚೀಟಕ್ಕ ಯಾರದು ಎಂದು ಕೇಳಲಿಲ್ಲ. ಬಾಯಲ್ಲಿ ಎರಡು ಪಿನ್ನು ಕಚ್ಚಿಕೊಂಡಿದ್ದಳು, ಒಂದು ಕಣ್ಣು ಬಾಗಿಲ ಮೇಲಿತ್ತು. ಕೋಟನ್ನು ಅರ್ಧ ಎಳೆದು, ಮೂಗಿನ ಹತ್ತಿರ ತಂದು, ದಿನವೂ ಇಪ್ಪತ್ತು ಬಟ್ಟೆಗೆ ಹೇಳುವ ಹಾಗೆ ಹೇಳಿದಳು: 'ಇದು ಒಂದು ದಿನಕ್ಕೆ ಹೋಗೋದಲ್ಲ ಗೂಡ್ಸಣ್ಣ. ನಿಮ್ಮ ಬಟ್ಟೆಗಳ ಹಂಗಲ್ಲ ಇದು, ತುಂಬಾ ಹಳೇದು. ಕಿಟಕಿ ಕೋಲಿಗೆ ಒಂದು ವಾರ ಹಾಕಿದ್ರೂ…' ಅಷ್ಟರಲ್ಲಿ ಅವಳ ಮಾತು ನಿಂತಿತು. ಪಿನ್ನುಗಳನ್ನು ಒಂದೊಂದಾಗಿ ಬಾಯಿಂದ ತೆಗೆದು ಮೇಜಿನ ಮೇಲಿಟ್ಟಳು.

'ನನ್ನ ಬಟ್ಟೆಗಳು ಅಂದ್ರೆ?' ಎಂದ ಅವನು. 'ಕಿಟಕಿ ಕೋಲು ಔಷಧದ ಘಾಟಿಗಲ್ವಾ?'

'ಹೂಂ, ಅದಕ್ಕೇ. ಔಷಧಕ್ಕೇ.'

'ಚೀಟಕ್ಕ.'

'ಬಿಡಿ ಅತ್ಲಾಗೆ, ಈಗ್ಯಾಕೆ. ಸಿಗರೇಟು ಬಿಟ್ಟಾಯ್ತಲ್ಲ.'

'ಹೇಳಿ.'

ಅವಳು ಕೋಟನ್ನು ಮಡಚತೊಡಗಿದಳು. ತೋಳನ್ನು ಒಳಗೆ ಹಾಕಿ, ಕಾಲರನ್ನು ನೇರ ಮಾಡಿ, ಮಡಚಿದ್ದನ್ನು ಬಿಚ್ಚಿ ಮತ್ತೆ ಮಡಚಿದಳು. 'ಹದಿನಾಲ್ಕು ವರ್ಷ ಆಯ್ತು. ಒಬ್ಬಮ್ಮ ಬಿಳೀ ರೇಷ್ಮೆ ಗೌನು ತಂದು ಮಾಲೀಕರ ಮುಖಕ್ಕೆ ಹಿಡಿದ್ಳು, ಕಲೆ ಹೋಗಿದೆ, ಆದ್ರೆ ಬೂದಿ ಡಬ್ಬದಲ್ಲಿ ಇಟ್ಟಿದ್ರಾ ಅಂತ. ಅದು ಮೊದಲನೇದಲ್ಲ. ಮಾಲೀಕರು ನಿಮ್ಮನ್ನ ಬಿಡಿಸ್ಬೇಕು ಅಂತಲೇ ಇದ್ರು. ನೀವು ಔಷಧ ತರೋಕೆ ಹೋಗಿದ್ರಿ. ನಿಮ್ಮ ಮನೆಯವರು ಕನ್ನಡಕ ಕೊಡೋಕೆ ಬಂದಿದ್ರು, ನೀವು ಮರೆತು ಬಂದಿದ್ರಂತಲ್ಲ. ಇಲ್ಲೇ, ಈ ಬಾಗಿಲ ಹತ್ರ ನಿಂತು ಎಲ್ಲ ಕೇಳಿಸ್ಕೊಂಡ್ರು.'

ಅವನು ಬಾಗಿಲ ಕಡೆ ತಿರುಗಿ ನೋಡಿದ.

'ಅಳಲಿಲ್ಲ, ಬೇಡ್ಕೊಳ್ಳಲಿಲ್ಲ. ಒಂದು ದಿನ ಗಾಳಿಗೆ ಹಾಕಿದ್ರೆ ಹೋಗುತ್ತೆ, ಮನೇಲಿ ನಾನು ಹಂಗೇ ಮಾಡೋದು ಅಂದ್ರು. ಹಿಂದಿನ ಕಿಟಕಿ ಖಾಲಿ ಇದೆಯಲ್ಲ, ಒಂದು ಕೋಲು ಹಾಕಿಸಿ ಅಂದ್ರು. ಆಮೇಲೆ ನನ್ನ ಕಡೆ ತಿರುಗಿ, ಅವರಿಗೆ ಹೇಳ್ಬೇಡಿ ಅಕ್ಕ, ಆ ಕೈ ಒಂದು ಬಿಟ್ರೆ ಅವರಿಗೆ ಬೇರೆ ಹೆಮ್ಮೆ ಏನಿದೆ ಅಂದ್ರು. ನಾನು ಹೇಳಲಿಲ್ಲ. ಹದಿನಾಲ್ಕು ವರ್ಷ ಬಾಯಿ ಕಟ್ಕೊಂಡಿದ್ದೆ, ಇವತ್ತು ಈ ಹಾಳು ಪಿನ್ನಿನ ಗಮನದಲ್ಲಿ…' ಅವಳು ಕಣ್ಣೊರೆಸಿಕೊಂಡಳು. 'ಬೇಜಾರು ಮಾಡ್ಕೋಬೇಡಿ.'

'ಇಲ್ಲ, ಇಲ್ಲ' ಎಂದ. 'ಇದರಲ್ಲಿ ಬೇರೆ ಏನಾದ್ರೂ…?'

ಚೀಟಕ್ಕ ಮತ್ತೆ ಕೋಟನ್ನು ಎತ್ತಿ ಈ ಸಲ ಕಣ್ಣು ಮುಚ್ಚಿ, ನಿಧಾನವಾಗಿ, ಕಾಲರನ್ನೂ ತೋಳನ್ನೂ ಮೂಸಿದಳು. ಅವನು ಅವಳ ಮುಖವನ್ನೇ ನೋಡುತ್ತಿದ್ದ. ಅವಳು ಕಣ್ಣು ತೆರೆದು ತಲೆ ಅಡ್ಡಕ್ಕೆ ಆಡಿಸಿದಳು.

ಮೇಜಿಗೆ ಹೋಗಿ ಕೂತ. ಯಾರದೋ ಹಸಿರು ಜಾಕೆಟ್ಟಿನ ಎದೆಯ ಮೇಲೆ ಎಣ್ಣೆ ಬಿದ್ದಿತ್ತು. ಬ್ರಷ್ಷು ಎತ್ತಿದ, ಕೆಳಗಿಟ್ಟ. ಕಿಟಕಿಯ ಕೋಲಿನ ಮೇಲೆ ನಿನ್ನೆ ಅವನು ಮುಗಿಸಿದ ಐದಾರು ಬಟ್ಟೆಗಳು ಸಾಲಾಗಿ ತೂಗುತ್ತಿದ್ದವು, ಒಂದು ಉಡುಪು ಸ್ವಲ್ಪ ತಿರುಗಿ ಮತ್ತೆ ಅವನ ಕಡೆ ಬೆನ್ನು ಮಾಡಿತು. ಅವನು ಬಿಟ್ಟು ಆರು ವಾರವಾಗಿದ್ದರೂ ರೂಢಿ ನಿಂತಿರಲಿಲ್ಲ. ಅವನ ಹಿಂದೆ ಅವನಿಗೆ ಗೊತ್ತಾಗದ ಹಾಗೆ ಎಷ್ಟು ಜನ ಎಷ್ಟು ಕಿಟಕಿ ತೆಗೆದಿದ್ದರೋ. ನಾದಿನಿ ಗಂಟಿನ ಹಗ್ಗ ಬಿಗಿದದ್ದು. ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯಿರುತ್ತಿದ್ದದ್ದು. ಅದು ತನ್ನ ಗಾತ್ರಕ್ಕೆ ಎಂದು ಅವನು ನಾಚುತ್ತಿದ್ದ. ಮೇಜನ್ನು ಒಂದು ಗೇಣು ಎಳೆಸಿದ್ದು. ಎಲ್ಲರೂ ಅವನಿಗಾಗಿ ಸ್ವಲ್ಪ ಸ್ವಲ್ಪ ಸರಿದು, ಅವನ ಮುಖಕ್ಕೆ ಏನೂ ಹೇಳದೆ, ಅವನಿಗೆ ಲೋಕವೆಲ್ಲ ಸರಿಯಾಗಿದೆ ಎನ್ನಿಸುವಂತೆ ಮಾಡಿಟ್ಟಿದ್ದರು. ಶುರು ಮಾಡಿದ್ದು ಹೆಂಡತಿ. ಊಟದ ತಟ್ಟೆಯ ಮುಂದೆ ಅವನು ಕೋಲಿನ ವಿಷಯ ಜಂಬ ಕೊಚ್ಚಿದಾಗ, ಹೌದಾ ಎಂದು ಪಾತ್ರೆ ಎತ್ತಿಕೊಂಡು ಹೋದವಳು, ಒಳಗೆ ಹೋಗಿ ಏನು ಮಾಡಿದಳು? ನಕ್ಕಳೆ? ಅವಳು ನಕ್ಕಿದ್ದರೆ ಎಷ್ಟು ಚೆನ್ನಾಗಿತ್ತು ಎನ್ನಿಸಿತು ಅವನಿಗೆ. ಅವಳು ಒಳಗೆ ಒಬ್ಬಳೇ ನಿಂತು ಸುಮ್ಮನೆ ತಟ್ಟೆ ತೊಳೆದಿರಬಹುದೆಂಬುದನ್ನು ಅವನಿಂದ ತಡೆದುಕೊಳ್ಳಲಾಗಲಿಲ್ಲ.

ಮಧ್ಯಾಹ್ನ ಹಿತ್ತಿಲಿನಲ್ಲಿ, ಬಾಯ್ಲರಿನ ಗೋಡೆಯ ಮರೆಯಲ್ಲಿ, ಇಸ್ತ್ರಿಯವನು ಒಂದು ಹೊತ್ತಿಸಿಕೊಂಡು ನಿಂತಿದ್ದ. ಅವನನ್ನು ಕಂಡು ಕೈಯನ್ನು ಬೆನ್ನ ಹಿಂದಕ್ಕೆ ಒಯ್ದ.

'ಒಂದು ಕೊಡು.'

'ಹುಚ್ಚಾ ಗೂಡ್ಸಣ್ಣ? ನಾಲ್ಕು ಗಂಟೆಗೆ ಪರೀಕ್ಷೆ.'

'ಕೊಡು ಅಂದೆ.'

ಇಸ್ತ್ರಿಯವನು ಗೇಲಿ ಮಾಡಲು ಬಾಯಿ ತೆರೆದವನು ಅವನ ಮುಖ ನೋಡಿ, ಒಂದನ್ನು ತೆಗೆದುಕೊಟ್ಟು, ಬೆಂಕಿಪೊಟ್ಟಣವನ್ನು ಗೋಡೆಯ ಮೇಲಿಟ್ಟು ಒಳಗೆ ಹೋಗಿಬಿಟ್ಟ.

ಹೊತ್ತಿಸಿ ಎಳೆದ. ಸುಟ್ಟ ಉಣ್ಣೆಯ, ಚರಂಡಿಯ ರುಚಿ. ಇಷ್ಟು ಹೊಲಸನ್ನು ಅಷ್ಟು ವರ್ಷ ಒಂದು ಹೆಣ್ಣು ಮಗ್ಗುಲಲ್ಲಿಟ್ಟುಕೊಂಡು ಮಲಗಿದ್ದಳೆಂದು ಅವನಿಗೆ ಮೊದಲ ಸಲ ಗೊತ್ತಾಗುತ್ತಿತ್ತು. ಬಿಸಾಡಬಹುದಿತ್ತು. ಬಿಸಾಡಲಿಲ್ಲ. ಅವಳ ಮನೆಯ ವಾಸನೆ ಇದೇ ಆಗಿತ್ತು. ಅವಳು ಬೆಳಿಗ್ಗೆ ಏಳುತ್ತಿದ್ದದ್ದು ಇದರಲ್ಲಿ, ತಲೆ ಬಾಚಿಕೊಳ್ಳುತ್ತಿದ್ದದ್ದು ಇದರಲ್ಲಿ, ಉಸಿರು ಬಿಟ್ಟದ್ದೂ ಇದರಲ್ಲಿಯೇ. ಅವಳಿಗೆ ತನ್ನದೇ ಒಂದು ವಾಸನೆಯನ್ನು ಅವನು ಉಳಿಸಿರಲಿಲ್ಲ. ಅವಳಿದ್ದಲ್ಲಿಗೆ ಹೋಗಲು ಅವನಿಗೆ ಬೇರೆ ದಾರಿ ತಿಳಿಯಲಿಲ್ಲ. ಕಣ್ಣಿನಲ್ಲಿ ನೀರು ಬರುತ್ತಿದ್ದದ್ದು ಹೊಗೆಗೆ. ಬೆರಳು ಸುಡುವವರೆಗೂ ಸೇದಿದ.

ಆಸ್ಪತ್ರೆಯ ಎರಡನೆಯ ಮಹಡಿ. ಲಿಫ್ಟಿನಲ್ಲಿ ಜನ ತುಂಬಿದ್ದರು. ತಾನು ಹತ್ತಿದರೆ ಗಂಟೆ ಹೊಡೆದುಕೊಳ್ಳುತ್ತದೆಂದು ಅವನು ಮೆಟ್ಟಿಲು ಹಿಡಿದ. ಪ್ರತಿ ವಾರ ಇದೇ ಕೋಣೆಗೆ ಬಂದು, ಉಸಿರಿನಲ್ಲಿ ಹೊಗೆಯ ಅಂಶ ಎಷ್ಟಿದೆ ಎಂದು ಅಳೆಯುವ ಆ ಚಿಕ್ಕ ಯಂತ್ರಕ್ಕೆ ಊದಿದ್ದ. ಎರಡು, ಮೂರು, ಎರಡು. ಪ್ರತಿ ಸಲವೂ ನರ್ಸು, ಅವನಿಗೆ ಮಗಳಾಗುವಷ್ಟು ವಯಸ್ಸಿನವಳು, 'ಭೇಷ್ ಅಂಕಲ್' ಎನ್ನುತ್ತಿದ್ದಳು. ಅವನು ಶಾಲೆಯ ಹುಡುಗನ ಹಾಗೆ ಹಿಗ್ಗುತ್ತಿದ್ದ.

'ಬನ್ನಿ ಅಂಕಲ್, ಕೊನೇ ಸಲ. ಉಸಿರು ಹಿಡ್ಕೊಳ್ಳಿ. ಹದಿನೈದು ಎಣಿಸ್ತೀನಿ. ಹಾಂ, ಈಗ ನಿಧಾನಕ್ಕೆ ಊದಿ.'

ಯಂತ್ರ ಕುಂಯ್ಗುಟ್ಟಿತು. ನರ್ಸು ಅದನ್ನು ತನ್ನ ಕಡೆ ತಿರುಗಿಸಿಕೊಂಡು ನೋಡಿದಳು. ಹಣೆ ಗಂಟು ಹಾಕಿದಳು.

'ಒಂಬತ್ತು. ಆರರ ಒಳಗೆ ಇರ್ಬೇಕಿತ್ತು.' ಅವಳು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. 'ಬಸ್ಸಲ್ಲಿ ಬಂದ್ರಾ? ರಸ್ತೇಲಿ ಗಾಡಿ ಹೊಗೆ ಜಾಸ್ತಿ ಇತ್ತಾ?'

ಅವನು ಯಂತ್ರದ ಕಡೆ ನೋಡಿದ.

'ಇರುತ್ತೆ, ಈ ಹೊತ್ತಲ್ಲಿ ಇರುತ್ತೆ. ಒಂದು ಕೆಲಸ ಮಾಡಿ. ಇದನ್ನ ನಾನು ಬರೆಯೋಲ್ಲ. ನಾಳೆ ಬೆಳಿಗ್ಗೆ ಬೇಗ ಬನ್ನಿ, ಇನ್ನೊಂದು ಸಲ ಊದಿಸ್ತೀನಿ. ಅಷ್ಟು ಹೊತ್ತಿಗೆ ಇಳಿದಿರುತ್ತೆ. ಆರು ವಾರ ಕಷ್ಟ ಪಟ್ಟಿದ್ದೀರಿ, ಪಾಪ.'

ಅವಳ ಪೆನ್ನು ಹಾಳೆಯ ಮೇಲೆ, ಖಾಲಿ ಚೌಕದ ಮೇಲೆ, ಮುಟ್ಟದೆ ನಿಂತಿತ್ತು. ತಲೆಯಾಡಿಸಿದರೆ ಸಾಕಾಗಿತ್ತು. ಹೌದಮ್ಮ, ಲಾರಿಗಳ ಹೊಗೆ ಎಂದರೆ ಸಾಕಾಗಿತ್ತು. ನಾಳೆ ಬೆಳಿಗ್ಗೆ ಎರಡೋ ಮೂರೋ ಬರುತ್ತದೆ, ಗುರುವಾರ ಹೊಲಿಯುತ್ತಾರೆ. ಇವಳೂ ಒಳ್ಳೆಯವಳು. ಒಳ್ಳೆಯವರ ಕಣ್ಣಿನಲ್ಲಿ ಆ ಒಂದು ಬಗೆಯ ಮೃದುತನವನ್ನು ಅವನು ಜೀವಮಾನವೆಲ್ಲ ಕಂಡಿದ್ದ, ಏನೆಂದು ತಿಳಿಯದೆ.

'ಗಾಡಿ ಹೊಗೆ ಅಲ್ಲ ಸಿಸ್ಟರ್' ಎಂದ. 'ಸೇದಿದೆ. ಇವತ್ತು ಮಧ್ಯಾಹ್ನ. ಒಂದು.'

'ಅಯ್ಯೋ ಅಂಕಲ್! ಯಾಕೆ? ಕೊನೇ ದಿನ!'

'ಸೇದಿದೆ' ಎಂದ ಮತ್ತೆ. ಅದಕ್ಕಿಂತ ಹೆಚ್ಚು ಏನು ಹೇಳಿದರೂ ಅದು ಕ್ಷಮೆ ಕೇಳಿದ ಹಾಗಾಗುತ್ತಿತ್ತು. 'ಬರೀರಿ. ಒಂಬತ್ತು ಅಂತಲೇ ಬರೀರಿ.'

'ಬರೆದ್ರೆ ಗುರುವಾರದ್ದು ಹೋಗುತ್ತೆ. ಮತ್ತೆ ಮೊದಲಿಂದ ಆರು ವಾರ. ಅಷ್ಟರಲ್ಲಿ ನಿಮ್ಮ ಸಕ್ಕರೆ…'

'ಗೊತ್ತು. ಬರೀರಮ್ಮ.'

ಅವಳು ಅವನನ್ನು ನೋಡಿದಳು. ಕೋಪ ಬಂದಿತ್ತು ಅವಳಿಗೆ. ನಿಜವಾದ ಕೋಪ. ಪೆನ್ನು ಒತ್ತಿ ಬರೆದಳು, ಹಾಳೆ ಹರಿಯುವ ಹಾಗೆ. 'ಹೊರಗೆ ಕೂತಿರಿ. ಹೊಸ ಡೇಟಿನ ಕಾರ್ಡು ಕೊಡ್ತಾರೆ' ಎಂದಳು. ಭೇಷ್ ಎನ್ನಲಿಲ್ಲ.

ಹೊರಗಿನ ಓಣಿಯಲ್ಲಿ ಬೆಂಚಿನ ತುದಿಯಲ್ಲಿ ಕೂತು ನಾದಿನಿಗೆ ಫೋನು ಮಾಡಿದ. ಅವಳು ಅಂಚೆ ಕಚೇರಿಯಲ್ಲಿ ಐದು ದಿನ ರಜೆ ಹಾಕಿ, ಅವನ ಹಾಸಿಗೆಯ ಹತ್ತಿರ ಕೂರಲು ನಾಳೆ ಹೊರಡುವವಳಿದ್ದಳು.

'ಹೊರಡಬೇಡಮ್ಮ. ಗುರುವಾರ ಇಲ್ಲ.'

'ಯಾಕೆ ಭಾವ? ಏನಾಯ್ತು?'

'ಸೇದಿಬಿಟ್ಟೆ.'

ಆ ಕಡೆ ಮುದ್ರೆ ಒತ್ತುವ ಸದ್ದು ನಿಂತಿತು. 'ನಿಮಗೇನು ಬುದ್ಧಿ ಗಿದ್ಧಿ ಇದೆಯಾ ಭಾವ? ನಲವತ್ತೆರಡು ದಿನ! ಅಕ್ಕ ಇದ್ದಿದ್ರೆ…' ಎಂದು ಶುರು ಮಾಡಿದವಳು ಅಲ್ಲೇ ತಡೆದಳು. ಅವನಿಗೆ ಗೊತ್ತಿತ್ತು, ಅಕ್ಕ ಇದ್ದಿದ್ದರೆ ಒಳ್ಳೇದಾಯ್ತು ಎನ್ನುತ್ತಿದ್ದಳು.

'ಅವಳ ಕೋಟಿನಲ್ಲಿ ಅವಳಿಲ್ಲ' ಎಂದ.

'ನನಗೆ ಅವತ್ತೇ ಗೊತ್ತಿತ್ತು ಭಾವ' ಎಂದಳು ನಾದಿನಿ. 'ಹೇಳೋಕೆ ಬಾಯಿ ಬರಲಿಲ್ಲ.'

'ಇನ್ನು ಮೇಲೆ ಹೇಳು. ಏನಿದ್ರೂ ಹೇಳು.'

'ಹೂಂ' ಎಂದಳು. ಅವಳು ಅಳುತ್ತಿದ್ದಾಳೋ ಏನೋ, ಕಚೇರಿಯಲ್ಲಿ ಯಾರೋ ಅಂಚೆಚೀಟಿ ಕೇಳುತ್ತಿದ್ದದ್ದು ಕೇಳಿಸಿತು. ಅವನು ಫೋನು ಇಟ್ಟ.

ಬೆಂಚಿನ ಮೇಲೆ, ಒಂದು ಸೀಟು ಬಿಟ್ಟು, ಹಣ್ಣಿನ ಚೀಲ ಹಿಡಿದ ಒಬ್ಬ ಮುದುಕಿ ಬಂದು ಕೂತಿದ್ದಳು. ಯಾರನ್ನೋ ನೋಡಲು ಬಂದವಳು, ಸಮಯವಾಗಲೆಂದು ಕಾಯುತ್ತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಅವಳು ಮುಖ ಒರೆಸಿಕೊಳ್ಳುವವಳ ಹಾಗೆ ಕರವಸ್ತ್ರ ತೆಗೆದು ಮೂಗಿನ ಹತ್ತಿರ ಹಿಡಿದಳು. ಹಿಡಿದದ್ದನ್ನು ಇಳಿಸಲಿಲ್ಲ. ಚೀಲವನ್ನು ಆ ಕಡೆಯ ಮಗ್ಗುಲಿಗೆ ಇಟ್ಟು, ಚೀಲ ಸರಿಮಾಡುವ ನೆವದಲ್ಲಿ ತಾನೂ ಒಂದಿಷ್ಟು ಸರಿದಳು. ಎಷ್ಟು ನಯವಾಗಿ ಸರಿದಳೆಂದರೆ, ನಿನ್ನೆಯಾಗಿದ್ದರೆ ಅವನ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

'ಅಮ್ಮಾ' ಎಂದ ಅವನು. 'ನನ್ನ ಹತ್ರ ವಾಸನೆ ಬರ್ತಿದೆ ಅಲ್ವಾ?'

'ಇಲ್ಲಪ್ಪಾ' ಎಂದಳು ಅವಳು ಗಾಬರಿಯಾಗಿ. 'ನನಗೆ ನೆಗಡಿ, ಅದಕ್ಕೆ.'

'ಪರವಾಗಿಲ್ಲ, ಹೇಳಿ.'

ಮುದುಕಿ ಅವನ ಮುಖ ನೋಡಿದಳು. ಏನು ಕಂಡಿತೋ, ಕರವಸ್ತ್ರ ಇಳಿಸಿದಳು.

'ಇದೆ ಕಣಪ್ಪ' ಎಂದಳು. 'ತುಂಬಾ ಇದೆ.'

ಅವನು ತಲೆಯಾಡಿಸಿದ. ಎರಡೂ ಕೈಯನ್ನು ಮಂಡಿಗಳ ಮೇಲೆ ಊರಿ, ಒಂದು ಸಲಕ್ಕೆ ಆಗದೆ, ಎರಡನೆಯ ಸಲಕ್ಕೆ ಎದ್ದ. ಓಣಿಯ ಆ ತುದಿಯಲ್ಲಿ ಕುರ್ಚಿಗಳಿದ್ದವು. ಎಲ್ಲಕ್ಕೂ ಕೈಗಳಿದ್ದವು, ಯಾವುದರಲ್ಲೂ ಅವನು ಹಿಡಿಸುವಂತಿರಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ಅಲ್ಲೇ ನಿಂತ. ಇಲ್ಲಿಂದ ಮುದುಕಿ ಚಿಕ್ಕದಾಗಿ ಕಾಣುತ್ತಿದ್ದಳು. ಚೀಲವನ್ನು ಮತ್ತೆ ಈ ಕಡೆಗೆ ಎಳೆದುಕೊಂಡು ಆರಾಮಾಗಿ ಕೂತಿದ್ದಳು. ಅವನ ನಂಬರು ಕೂಗಲು ಇನ್ನೂ ಹನ್ನೊಂದು ಜನ ಮುಂದಿದ್ದರು.